ಒಂಬತ್ತು ಅಂಗುಲ ನೀರಿನ ಕಳ್ಳತನ

ಕಳೆದ ತಿಂಗಳು ಎಮ್ಮಿಗನೂರಿಗೆ ಹೋಗಿ ಒಬ್ಬ ಮನುಷ್ಯನನ್ನು ಕಳ್ಳ ಮಾಡಿ ಬಂದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ಗೋಡೆಗೆ ಮೊಳೆ ಹೊಡೆದು ಬಿಗಿದ ಒಂದು ಬಿಳಿ ಪಂಚೆ. ಇಷ್ಟು ಸಾಕಾಯಿತು.

ಚಪ್ಪಾಳೆ ಕೂಡ ಬಿತ್ತು. ಅದನ್ನೂ ಹೇಳಿಬಿಡುತ್ತೇನೆ. ಬರೆಯಲು ಕೂತ ಮೇಲೆ ಮುಚ್ಚಿಟ್ಟುಕೊಂಡು ಏನು ಪ್ರಯೋಜನ?

ಈ ಅಂಕಣವನ್ನು ಬಿಡದೆ ಓದುವವರಿಗೆ ನನ್ನ ಹೊಟ್ಟೆಪಾಡು ಗೊತ್ತಿದೆ. ಹೊಸಬರಿಗೆ ಎರಡು ಮಾತು. ಹೊಸಪೇಟೆಯ ನಮ್ಮ ಮನೆಯ ಮಹಡಿಯಲ್ಲಿ ಕೂತು ನಾನು ಪ್ರೋಗ್ರಾಂ ಬರೆಯುತ್ತೇನೆ. (ಎದುರು ಮನೆಯವರು ತಮ್ಮ ನೆಂಟರಿಗೆ ನನ್ನ ಪರಿಚಯ ಹೇಳುವುದು ಹೀಗೆ: "ಅವ್ರು ಮನ್ಯಾಗಾ ಇರ್ತಾರ, ಏನೋ ಟಕಟಕ ಒತ್ತಿಕೋತ.") ಆ ಟಕಟಕದಲ್ಲಿ ಹುಟ್ಟಿದ್ದು ಒಂದು ಲೈಬ್ರರಿ. ಲೈಬ್ರರಿ ಅಂದ ಕೂಡಲೇ ಪುಸ್ತಕದ ಕಪಾಟು ನೆನಪಿಸಿಕೊಳ್ಳಬೇಡಿ. ಇದು ಒಮ್ಮೆ ಬರೆದಿಟ್ಟರೆ ಬೇರೆ ಬೇರೆ ಪ್ರೋಗ್ರಾಂಗಳು ಎತ್ತಿಕೊಂಡು ಬಳಸಬಹುದಾದ ಕೋಡಿನ ಗಂಟು. ಒಂದು ಯಂತ್ರದ ಮಾತನ್ನು ಕಟ್ಟಿ ಕಳಿಸುವುದು, ಇನ್ನೊಂದು ಯಂತ್ರದಲ್ಲಿ ಅದನ್ನು ಬಿಚ್ಚುವುದು ಅದರ ಕೆಲಸ. ಕಟ್ಟುವುದಕ್ಕೆ ಎನ್‌ಕೋಡ್ ಅನ್ನುತ್ತಾರೆ. ಬಿಚ್ಚುವುದಕ್ಕೆ ಡಿಕೋಡ್.

ಅರ್ಥವಾಗಲಿಲ್ಲವೇ? ಬುತ್ತಿಯ ಕತೆ ಹೇಳುತ್ತೇನೆ. ನಾನು ಹೊಸಪೇಟೆಯ ಹಾಸ್ಟೆಲಿನಲ್ಲಿದ್ದಾಗ ಅವ್ವ ಪಾಪಿನಾಯಕನಹಳ್ಳಿಯಿಂದ ಬಸ್ಸಿನಲ್ಲಿ ಬುತ್ತಿ ಕಳಿಸುತ್ತಿದ್ದಳು. ಮೂರು ಡಬ್ಬಿಯ ಕ್ಯಾರಿಯರು. ಕೆಳಗೆ ಅನ್ನ, ನಡುವೆ ಸಾರು, ಮೇಲೆ ಪಲ್ಯ. ಎಂದೂ ಬದಲಾಗುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ಬಿಚ್ಚಿದರೆ ಗೊತ್ತಾಗಲಿ ಎಂದು ಹಿಡಿಕೆಗೆ ಒಂದು ಕೆಂಪು ದಾರ ಕಟ್ಟಿರುತ್ತಿದ್ದಳು. ನಡುವಿನ ಡಬ್ಬಿಯನ್ನು ವಾರೆ ಮಾಡಬಾರದು ಅನ್ನುವುದು ನನಗೆ ಗೊತ್ತಿತ್ತು, ಅವಳು ಚೀಟಿ ಬರೆದಿಡಬೇಕಾಗಿರಲಿಲ್ಲ. ಅವ್ವನಿಗೂ ನನಗೂ ನಡುವೆ ಇದ್ದ ಈ ಒಪ್ಪಂದವೇ ಪ್ರೋಟೊಕಾಲ್. ನನ್ನ ಲೈಬ್ರರಿ ಮಾಡುವುದೂ ಇದನ್ನೇ. ಮೊದಲ ಡಬ್ಬಿಯಲ್ಲಿ ಯಾವ ಊರಿನ ಯಂತ್ರ, ಎರಡನೆಯದರಲ್ಲಿ ಯಾವ ಹೊತ್ತು, ಮೂರನೆಯದರಲ್ಲಿ ಅಳತೆ. ಕೊನೆಗೆ ಒಂದು ಕೆಂಪು ದಾರ.

ಈ ಲೈಬ್ರರಿಯನ್ನು ಮೊದಲು ಬರೆದದ್ದು ಸಂಡೂರಿನ ಅದಿರು ಲಾರಿಗಳಿಗೆ. ತೂಕದ ಕಟ್ಟೆಯ ಮೇಲೆ ಲಾರಿ ನಿಂತರೆ ಇಪ್ಪತ್ತೆಂಟು ಪಾಯಿಂಟ್ ನಾಲ್ಕು ಟನ್ ಎಂದು ಮೆಸೇಜ್ ಹೋಗಬೇಕು, ಹೋಗುತ್ತಿತ್ತು. ವರ್ಷಗಟ್ಟಲೆ ಒಂದು ದೂರೂ ಬರಲಿಲ್ಲ. ಗರ್ವ ಬರುವುದಕ್ಕೆ ಇನ್ನೇನು ಬೇಕು?

ಹೀಗಿರುವಾಗ ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನ ನೀರು ಬಳಕೆದಾರರ ಸಂಘದವರು ಹುಡುಕಿಕೊಂಡು ಬಂದರು. ಅವರ ಉಪಕಾಲುವೆಯ ಗೇಜಿನಲ್ಲಿ, ಅಂದರೆ ಅಳತೆಯ ಪಟ್ಟಿಯಲ್ಲಿ, ನೀರು ಎಷ್ಟಿದೆ ಎಂದು ಕಾಲುವೆ ಕಾಯುವ ನೀರಗಂಟಿಗಳು ಅರ್ಧ ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯುತ್ತಾರೆ. ಆ ಪುಸ್ತಕ ಕಾಲುವೆಯ ಕೊನೆಯಲ್ಲಿರುವ ರೈತರ ಕಣ್ಣಿಗೆ ಬೀಳುವುದೇ ಇಲ್ಲ. ಬಿದ್ದರೂ ಅಷ್ಟರಲ್ಲಿ ನೀರು ಮುಗಿದಿರುತ್ತದೆ. ನೀರಗಂಟಿ ಫೋನಿನಲ್ಲಿ ಒತ್ತಬೇಕು, ಎಲ್ಲರ ಫೋನಿನಲ್ಲೂ ಗ್ರಾಫ್ ಕಾಣಬೇಕು. ಒಳ್ಳೆಯ ಕೆಲಸ. ನಾನು ಒಪ್ಪಿದೆ.

ಅದಿರಾದರೇನು, ನೀರಾದರೇನು, ಅಳತೆ ಅಳತೆಯೇ ತಾನೆ? ಮಾದರಿಗೆಂದು ಸಂಘದವರು ಪುಸ್ತಕದ ಒಂದು ಪುಟದ ಫೋಟೋ ಕಳಿಸಿದರು. ಮೇಲೆ 'ನೀರಿನ ಮಟ್ಟ, ಅಡಿ' ಎಂದಿತ್ತು. ಕೆಳಗೆ 3.0, 3.6, 4.0, 3.6. ಲಾರಿಯ ಟನ್ ಇದ್ದ ಡಬ್ಬಿಯಲ್ಲಿ ಅಡಿಯನ್ನು ತುಂಬಿದೆ. ಸಂಡೂರಿನ ಲಾರಿಗೆ ಹೊಲಿಸಿದ ಅಂಗಿಯನ್ನು ಕಂಪ್ಲಿಯ ಕಾಲುವೆಗೆ ತೊಡಿಸಿದೆ. ಪ್ರೋಗ್ರಾಂ ಸರಿಯಿದೆಯೇ ಎಂದು ನೋಡುವ ಟೆಸ್ಟ್ ಓಡಿಸಿದೆ, ಎಲ್ಲವೂ ಹಸಿರು, ಅಂದರೆ ಪಾಸು. ಕಾಲುವೆಯನ್ನು ನೋಡಲು ಮಾತ್ರ ಹೋಗಲಿಲ್ಲ. ಎರಡು ಬಸ್ಸಿನ ದೂರ ಅಷ್ಟೇ. ಬಿಸಿಲು ಎಂದು ನೆಪ ಹೇಳಿಕೊಂಡೆ.

ಹನ್ನೆರಡು ದಿನಗಳ ಗ್ರಾಫ್ ಸೇರಿದ ಮೇಲೆ ಒಂದು ಸೋಮವಾರ ಸಂಘದ ಸಭೆ. ನಾನು ಪಂಚೆಯ ಮೇಲೆ ಗ್ರಾಫ್ ಬಿಟ್ಟೆ. ಮಧ್ಯಾಹ್ನದ ಪಾಳಿಯ ಗೆರೆ ನೆಟ್ಟಗೆ, ಸಮಾಧಾನವಾಗಿ ಹೋಗುತ್ತಿತ್ತು. ಬೆಳಗಿನ ಪಾಳಿಯಲ್ಲಿ ಮಾತ್ರ ದಿನಾ ಒಂದು ಗುಂಡಿ. ನೀರು ಮೂರು ಒಂಬತ್ತರವರೆಗೆ ಏರುತ್ತದೆ, ಧಡಕ್ಕನೆ ಮೂರು ಒಂದಕ್ಕೆ ಬೀಳುತ್ತದೆ. ಒಂದು ಗಂಟೆ ಹಾಗೇ ಬಿದ್ದಿರುತ್ತದೆ. ಆಮೇಲೆ ಜಿಗಿದು ನಾಲ್ಕಕ್ಕೆ ಹೋಗುತ್ತದೆ. ಸಭೆಯಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಬೆಳಿಗ್ಗೆ ಒಂದು ಗಂಟೆ ಯಾರೋ ತೂಬು ಎತ್ತಿ ಯಾರದೋ ಗದ್ದೆಗೆ ನೀರು ಬಿಡುತ್ತಿದ್ದಾರೆ.

ಬೆಳಗಿನ ಪಾಳಿ ಯಾರದು? ಹುಲಿಗೆಪ್ಪ ಕಾಕಾ ಅವರದು. ಅರವತ್ತರ ಆಸುಪಾಸಿನ, ತೆಳ್ಳನೆಯ ಮನುಷ್ಯ. ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದು ಹಿಂದಿನ ಸಾಲಿನಲ್ಲಿ ನಿಂತಿದ್ದರು. ತಮ್ಮ ಕಡೆಗೆ ಎಲ್ಲರೂ ತಿರುಗಿದ್ದು ಯಾಕೆ ಎಂದು ಅವರಿಗೆ ತಕ್ಷಣ ತಿಳಿಯಲಿಲ್ಲ.

ಮೊದಲು ಎದ್ದವರು ಈರಮ್ಮ. ಕಾಲುವೆಯ ಕಟ್ಟಕಡೆಗೆ ಅವರ ಗದ್ದೆ. ನಾಟಿ ಮಾಡಿ ಹದಿನೈದು ದಿನವಾಗಿತ್ತು.

"ನಮ್ಮ ನೆಲ್ಲು ಕೆಂಪಗಾಗಾಕ ಹತ್ಯಾವು. ದಿನಾ ಕೇಳಿದ್ರ ನೀರು ಬಿಟ್ಟೀವಿ, ನೀರು ಬಿಟ್ಟೀವಿ ಅಂತೀರಿ. ಎಲ್ಲಿ ಹೊಂಟಿತ್ತು ಅಂತ ಈಗ ಗೊತ್ತಾತು ನೋಡ್ರಿ!"

"ನಾ ನೋಡಿದ್ದಾ ಒತ್ತೀನ್ರಿ," ಎಂದರು ಹುಲಿಗೆಪ್ಪ ಕಾಕಾ. "ಎಷ್ಟು ಕಂಡೈತೋ ಅಷ್ಟಾ ಒತ್ತೀನಿ."

ಸಂಘದ ಅಧ್ಯಕ್ಷರು, ಊರಿನ ಗೌಡರು, ನನ್ನ ಕಡೆ ನೋಡಿದರು. "ಏನ್ರಿ ಮೇಡಂ, ನಿಮ್ಮ ಮಿಷನ್ನು ತಪ್ಪು ಹೇಳ್ತೈತೇನ್ರಿ?"

ಆಗ ನಾನು ಏನು ಹೇಳಬಹುದಿತ್ತು? ನೋಡಿ ಹೇಳುತ್ತೇನೆ ಎನ್ನಬಹುದಿತ್ತು. ಎರಡು ದಿನ ಕೊಡಿ ಎನ್ನಬಹುದಿತ್ತು. ನಾನು ಹೇಳಿದ್ದು ಇಷ್ಟು: "ಇಲ್ರೀ ಗೌಡ್ರೇ. ಇನ್ನೂರಕ್ಕೂ ಹೆಚ್ಚು ಟೆಸ್ಟ್ ಮಾಡೀನಿ. ಮೆಸೇಜ್ ದಾರ್ಯಾಗ ಕೆಟ್ರ ಮಿಷನ್ನಾ ಹಿಡೀತೈತಿ."

ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದೇ ಮಾತಿಗೆ ಚಪ್ಪಾಳೆ ಬಿದ್ದದ್ದು. ಶುಕ್ರವಾರದ ಸಭೆಯಲ್ಲಿ ಹುಲಿಗೆಪ್ಪ ಅವರನ್ನು ಕೆಲಸದಿಂದ ತೆಗೆಯುವ ಠರಾವು ಮಾಡೋಣ ಎಂದು ಗೌಡರು ಹೇಳಿದರು. ಯಾರೂ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಸಭೆ ಮುಗಿದ ಮೇಲೆ ನಾನು ಪ್ರೊಜೆಕ್ಟರಿನ ವೈರು ಸುತ್ತುತ್ತಿದ್ದೆ. ಹುಲಿಗೆಪ್ಪ ಕಾಕಾ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಮೇಡಂ, ಒಂದು ಮಾತು ಕೇಳ್ಲೇನ್ರಿ? ನಾ ನೀರು ಕದ್ದಿದ್ರ, ಕದ್ದ ಹೊತ್ತಿನ ಲೆಕ್ಕ ನಾನಾ ಬರದು ನಿಮಗ ಕಳಸ್ತಿದ್ನೇನ್ರಿ?"

ಅಷ್ಟು ಕೇಳಿ ಟವೆಲ್ ಸುತ್ತಿಕೊಂಡು ಹೋದರು.

ಕಂಪ್ಲಿಯಲ್ಲಿ ಬಸ್ ಬದಲಿಸುವಾಗಲೂ ಆ ಪ್ರಶ್ನೆ ನನ್ನ ಜೊತೆಗೇ ಹತ್ತಿತು. ಎಂಥ ಸರಳ ಪ್ರಶ್ನೆ! ನೀರು ಕದಿಯುವವನು ಕದ್ದಷ್ಟು ಹೊತ್ತೂ ತಪ್ಪದೆ 'ಈಗ ಕಡಿಮೆಯಾಗಿದೆ' ಎಂದು ಊರಿಗೆಲ್ಲ ಮೆಸೇಜ್ ಕಳಿಸುತ್ತಾನೆಯೇ? ಸಭೆಯಲ್ಲಿದ್ದ ನಲವತ್ತು ಜನರಲ್ಲಿ ಒಬ್ಬರಿಗಾದರೂ ಇದು ಹೊಳೆಯಲಿಲ್ಲ. ಪಂಚೆಯ ಮೇಲೆ ಗ್ರಾಫ್ ಬಿದ್ದ ಕೂಡಲೇ ನಮ್ಮ ತಲೆಯ ದೀಪ ಆರಿಹೋಗಿತ್ತು.

ನನಗೆ ಅಪ್ಪ ನೆನಪಾದರು. ಅಪ್ಪ ಗಣಿಯಲ್ಲಿ ಹೆಲ್ಪರ್ ಆಗಿದ್ದವರು. ಒಮ್ಮೆ ಡೀಸೆಲ್ ಕಡಿಮೆ ಬಂತು ಎಂದು ಅವರನ್ನು ಮನೆಗೆ ಕಳಿಸಿದ್ದರು. ರಿಜಿಸ್ಟರಿನಲ್ಲಿ ಹಾಗೆ ಇದೆ, ಅಷ್ಟೇ. ರಿಜಿಸ್ಟರ್ ಬರೆದವರು ತಪ್ಪಿರಬಹುದು ಎಂದು ಕೇಳುವ ಧೈರ್ಯ ಯಾರಿಗಿತ್ತು? ಎರಡು ವಾರದ ಮೇಲೆ ಮತ್ತೆ ಕರೆದರು, ಯಾಕೆಂದು ಹೇಳಲಿಲ್ಲ. ಆ ಎರಡು ವಾರ ಅಪ್ಪ ಮನೆಯ ಕಟ್ಟೆಯ ಮೇಲೆ ಕೂರಲೂ ನಾಚುತ್ತಿದ್ದರು. ಬಸ್ಸಿನ ಕಿಟಕಿಗೆ ಹಣೆ ಒತ್ತಿ ಕೂತಿದ್ದ ನನಗೆ ಒಂದು ವಿಷಯ ತಿಳಿಯಿತು. ಈಗ ರಿಜಿಸ್ಟರ್ ಬರೆಯುವವಳು ನಾನು.

ಸೋಮವಾರ ಹೋಯಿತು. ಶುಕ್ರವಾರಕ್ಕೆ ಇನ್ನು ನಾಲ್ಕು ದಿನ. ಅಷ್ಟರಲ್ಲಿ ಈ ಗುಂಡಿಯ ತಳ ಮುಟ್ಟಲೇಬೇಕು, ಅದರಲ್ಲಿ ಯಾರು ಸಿಕ್ಕರೂ ಸರಿ ಎಂದು ಪಟ್ಟು ಹಿಡಿದೆ.

ಮಂಗಳವಾರವೆಲ್ಲ ಕೋಡಿನ ಒಳಗೇ ಇದ್ದೆ. ಕಟ್ಟಿದ್ದನ್ನು ಬಿಚ್ಚಿದೆ, ಬಿಚ್ಚಿದ್ದನ್ನು ಕಟ್ಟಿದೆ. ಬೈಟುಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದೆ. ಕೆಂಪು ದಾರ ಎಲ್ಲೂ ಕಡಿದಿರಲಿಲ್ಲ. ಹನ್ನೆರಡು ದಿನದ ಒಂದು ಮೆಸೇಜೂ ದಾರಿಯಲ್ಲಿ ಹಾಳಾಗಿರಲಿಲ್ಲ. 3.1 ಬಂದಿದೆ ಎಂದರೆ 3.1 ಹೊರಟಿದೆ. ಲೈಬ್ರರಿ ನಿರಪರಾಧಿ. ಹಾಗಿದ್ದರೆ? ಮನೆಯಲ್ಲಿ ಕೂತು ಉತ್ತರ ಸಿಗುವುದಿಲ್ಲ ಎಂದು ಸಂಜೆಯ ಹೊತ್ತಿಗೆ ಖಾತ್ರಿಯಾಯಿತು.

ಬುಧವಾರ ಮೊದಲ ಬಸ್ಸಿಗೆ ಹೊರಟೆ. ನಾನು ಹೋದಾಗ ಹುಲಿಗೆಪ್ಪ ಕಾಕಾ ಗೇಜಿನ ಮೆಟ್ಟಿಲಿನ ಮೇಲೆ ಕೂತು ತೆಂಗಿನ ನಾರಿನಿಂದ ಅಳತೆಯ ಪಟ್ಟಿ ತಿಕ್ಕುತ್ತಿದ್ದರು. ಕಾಲುವೆಯ ಗೋಡೆಯ ಮೇಲೆ ಬರೆದ ಪಟ್ಟಿ ಅದು. ಅಡಿಗೊಂದು ಕೆಂಪು ಗೆರೆ, ನಡುವೆ ಸಣ್ಣ ಕಪ್ಪು ಗೆರೆಗಳು. ಪ್ರತಿ ವರ್ಷ ಕಾಲುವೆ ಬಂದ್ ಆದಾಗ ಅವರೇ ಬಣ್ಣ ಹಚ್ಚುತ್ತಾರಂತೆ.

"ದಿನಾ ತಿಕ್ಕಬೇಕೇನ್ರಿ ಕಾಕಾ?"

"ತಿಕ್ಕದಿದ್ರ ಹೆಂಗ್ರಿ? ಪಾಚಿ ಕುಂತ್ರ ಅಂಗುಲ ಸುಳ್ಳು ಹೇಳ್ತಾವು." ಆಮೇಲೆ ನನ್ನ ಚಪ್ಪಲಿ ನೋಡಿದರು. "ಅವನ್ನ ಬಿಟ್ಟು ಇಳೀರಿ ಮೇಡಂ, ಜಾರ್ತೈತಿ. ಬರ್ರಿ, ಇಲ್ಲಿ ಕುಂದ್ರಿ."

ಏಳು ಮೆಟ್ಟಿಲು ಇಳಿದೆ. ನೀರು ಕಾಲಿನ ಹತ್ತಿರವೇ ಹರಿಯುತ್ತಿತ್ತು. ನನ್ನ ಗ್ರಾಫಿನ ನೀರನ್ನು ಅದೇ ಮೊದಲ ಸಲ ನೋಡುತ್ತಿದ್ದೆ. (ನಗಬೇಡಿ. ನಿಮ್ಮಲ್ಲಿ ಎಷ್ಟು ಜನ ನಿಮ್ಮ ಫೈಲಿನಲ್ಲಿರುವ ಮನುಷ್ಯರನ್ನು ಕಣ್ಣಾರೆ ನೋಡಿದ್ದೀರಿ?)

ಕಾಕಾ ಅಳತೆ ನೋಡುವ ರೀತಿಯೇ ಬೇರೆ. ನಿಂತು ನೋಡುವುದಿಲ್ಲ. ಕುಕ್ಕರಗಾಲಿನಲ್ಲಿ ಕೂತು ಕಣ್ಣನ್ನು ನೀರಿನ ಮಟ್ಟಕ್ಕೆ ತರುತ್ತಾರೆ. ಅಲೆ ಒಮ್ಮೆ ಏರಿ ಇಳಿಯಲಿ ಎಂದು ಮೂರು ಸಲ ಉಸಿರು ಎಳೆದು ಬಿಡುವಷ್ಟು ಕಾಯುತ್ತಾರೆ. ಆಮೇಲೆ ಬಾಯಿಬಿಟ್ಟು ಹೇಳುತ್ತಾರೆ, ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, ಕೊನೆಗೆ ಫೋನಿನಲ್ಲಿ ಒತ್ತುತ್ತಾರೆ.

"ಮೂರು ಒಂಬತ್ತು," ಎಂದರು.

ತೊಡೆಯ ಮೇಲಿದ್ದ ನನ್ನ ಲ್ಯಾಪ್‌ಟಾಪಿನಲ್ಲಿ 3.9 ಬಂತು. ಸರಿಯಾಗಿದೆ. ಇನ್ನು ಅರ್ಧ ಗಂಟೆ ಕಾಯಬೇಕು. ಕಾಕಾ ಸ್ಟೀಲಿನ ಡಬ್ಬಿಯಿಂದ ಚಹಾ ಬಗ್ಗಿಸಿ ಕೊಟ್ಟರು. ಮೇಲಿನ ಗೇಟು ಎತ್ತಿ ಬಿಟ್ಟ ನೀರು ಈಗ ಬಂದು ಮುಟ್ಟುವ ಹೊತ್ತು, ಇನ್ನು ಏರುತ್ತಲೇ ಹೋಗುತ್ತದೆ ಎಂದರು. ಅವರು ಹೇಳಿದಂತೆಯೇ ನನ್ನ ಎದುರಿಗೇ ಒಂದು ಕಪ್ಪು ಗೆರೆ ನಿಧಾನಕ್ಕೆ ಮುಳುಗಿತು.

ಮತ್ತೆ ಕುಕ್ಕರಗಾಲು. ಮತ್ತೆ ಮೂರು ಉಸಿರು.

"ಮೂರು ಹತ್ತು."

ಅವರ ಬೆರಳನ್ನೇ ನೋಡುತ್ತಿದ್ದೆ. ಮೂರು ಒತ್ತಿದರು. ಚುಕ್ಕಿ ಒತ್ತಿದರು. ಒಂದು, ಸೊನ್ನೆ. ಕಳಿಸಿದರು.

ನನ್ನ ಲ್ಯಾಪ್‌ಟಾಪಿನಲ್ಲಿ ಬಂದದ್ದು 3.1. ಕಣ್ಣೆದುರಿಗೇ ಹಸಿರು ಗೆರೆ ಗುಂಡಿಗೆ ಬಿತ್ತು. ನೀರು ಏರುತ್ತಿದೆ, ನನ್ನ ಗೆರೆ ಇಳಿಯುತ್ತಿದೆ!

ಗೋಡೆಯ ಪಟ್ಟಿಯ ಕಡೆ ತಿರುಗಿದೆ. "ಕಾಕಾ, ಅಡಿಗೆ ಎಷ್ಟು ಕಪ್ಪು ಗೆರಿ ಅದಾವ್ರಿ?" ಎಂದು ಕೇಳಿದೆ.

ಅವರು ನನ್ನ ಮುಖ ನೋಡಿದರು. ಇಷ್ಟು ಓದಿದವಳು ಇದನ್ನೇಕೆ ಕೇಳುತ್ತಿದ್ದಾಳೆ ಎಂಬ ನೋಟ. "ಅಡಿಗೆ ಹನ್ನೆರಡು ಅಂಗುಲ ಅಲ್ಲೇನ್ರಿ?"

ಹೌದು. ಅಡಿಗೆ ಹನ್ನೆರಡು ಅಂಗುಲ. ಈ ಕಾಲುವೆಯಲ್ಲಿ ಮೊದಲಿನಿಂದಲೂ 3.10 ಎಂದರೆ ಮೂರು ಅಡಿ ಹತ್ತು ಅಂಗುಲ. 3.9 ಆದ ಮೇಲೆ 3.10, ಅದಾದ ಮೇಲೆ 3.11, ಆಮೇಲೆ 4.0. ಅದರಲ್ಲಿ ಆಶ್ಚರ್ಯವೇನು? ಕ್ರಿಕೆಟ್ ನೋಡುವ ಯಾರನ್ನಾದರೂ ಕೇಳಿ. ನಾಲ್ಕು ಪಾಯಿಂಟ್ ಐದು ಓವರ್ ಎಂದರೆ ನಾಲ್ಕೂವರೆ ಓವರ್ ಎಂದು ಯಾರಾದರೂ ಅನ್ನುತ್ತಾರೆಯೇ? ಚುಕ್ಕಿಯ ಆಚೆಗಿರುವುದು ಚೆಂಡಿನ ಎಣಿಕೆ. ಇಲ್ಲಿ ಚುಕ್ಕಿಯ ಆಚೆಗಿರುವುದು ಅಂಗುಲದ ಎಣಿಕೆ.

ನನ್ನ ಲೈಬ್ರರಿ ಮಾತ್ರ ಅದನ್ನು ಲಾರಿಯ ಟನ್ ಅಂದುಕೊಂಡಿತು. ಟನ್ನಿನ ಲೆಕ್ಕದಲ್ಲಿ 3.10 ಆದರೂ ಒಂದೇ, 3.1 ಆದರೂ ಒಂದೇ. ಕೊನೆಯ ಸೊನ್ನೆಗೆ ಬೆಲೆಯಿಲ್ಲ ಎಂದು ಕಟ್ಟುವಾಗಲೇ ಬಿಸಾಕಿತು. ಆಮೇಲೆ ಬಹಳ ಜೋಪಾನವಾಗಿ, ಕೆಂಪು ದಾರ ಕಟ್ಟಿ, ಒಂದು ಬೈಟೂ ಕೆಡದಂತೆ ತಪ್ಪನ್ನು ತಲುಪಿಸಿತು. ಹತ್ತು ಅಂಗುಲ ಇದ್ದದ್ದು ಒಂದು ಅಂಗುಲವಾಯಿತು. ನಡುವಿನ ಒಂಬತ್ತು ಅಂಗುಲ ನೀರು ನನ್ನ ಕೋಡಿನಲ್ಲಿ ಮಾಯ. ಹನ್ನೊಂದಕ್ಕೂ ಅದೇ ಗತಿ: ಟನ್ನಿನ ಡಬ್ಬಿಯಲ್ಲಿ ಚುಕ್ಕಿಯ ಆಚೆಗೆ ಒಂದೇ ಅಂಕಿಗೆ ಜಾಗ, ಹಾಗಾಗಿ 3.11 ಕೂಡ 3.1 ಆಯಿತು. ಅಂಗುಲ ಹತ್ತು, ಹನ್ನೊಂದು ದಾಟುವ ಹೊತ್ತಷ್ಟೂ ಗುಂಡಿ.

ಕಾಕಾಗೆ ಇದನ್ನೆಲ್ಲ ಹೇಳಿದೆ. ಬೆರಳೆಣಿಸಿ, ನೋಟ್‌ಬುಕ್ ತೋರಿಸಿ, ಎರಡು ಸಲ ಹೇಳಿದೆ. ಅವರು ನೋಟ್‌ಬುಕ್ ಮುಚ್ಚಿದರು.

"ಹಂಗಾದ್ರ ನಾ ಕಳ್ಳ ಅಲ್ಲ, ಅಲ್ರೀ?" ಎಂದರು.

ತಮಗೆ ಗೊತ್ತೇ ಇದ್ದ ವಿಷಯವನ್ನು ಅವರು ನನ್ನನ್ನು ಕೇಳಬೇಕಾಯಿತು. ನನಗೆ ಅಳು ಬಂತು. ಚಹಾದ ಲೋಟ ತೊಳೆಯುವ ನೆಪದಲ್ಲಿ ಮುಖ ತಿರುಗಿಸಿದೆ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಮಧ್ಯಾಹ್ನದ ಪಾಳಿಯ ಗೆರೆ ಅಷ್ಟು ನೆಟ್ಟಗಿದೆಯಲ್ಲ, ಆ ಹೊತ್ತಿನಲ್ಲಿ ನೀರು ಹತ್ತು ಅಂಗುಲ ಮುಟ್ಟುವುದೇ ಇಲ್ಲವೇ? ಕೇಳಿದರೆ ಕಾಕಾ ಮೊದಲು ಮಾತು ತೇಲಿಸಿದರು. ಬಿಡದೆ ಕೇಳಿದ ಮೇಲೆ ಹೇಳಿದರು.

"ಆ ಪಾಳಿಯವಂಗ ಮೊಣಕಾಲು ಹಿಡಕೊಂಡಾವ್ರಿ. ಮೆಟ್ಲು ಇಳಿಯಾಕ ಆಗಂಗಿಲ್ಲ. ಮ್ಯಾಲಿಂದಾ ನೋಡಿ ಮೂರು, ಮೂರೂವರಿ, ನಾಕು ಅಂತ ಒತ್ತತಾನ. ಅವನ ಮ್ಯಾಲೆ ಏನೂ ಹೇಳಬ್ಯಾಡ್ರಿ ಮತ್ತ. ನಾನಾ ಅವಂಗ ಹೇಳ್ತೀನಿ."

ಮೂರೂವರೆ ಎಂದರೆ ಮೂರು ಅಡಿ ಆರು ಅಂಗುಲ, 3.6. ಹತ್ತು, ಹನ್ನೊಂದರ ತಂಟೆಗೇ ಹೋಗದವರಿಗೆ ನನ್ನ ಕೋಡಿನಲ್ಲಿ ಗುಂಡಿ ಬರುವುದಿಲ್ಲ. ನನಗೆ ಮಾದರಿಗೆ ಬಂದ ಪುಟವೂ ಆ ಪಾಳಿಯದೇ. ಅಂದಾಜಿನಲ್ಲಿ ಬರೆದವರ ಗೆರೆ ನೆಟ್ಟಗಿತ್ತು. ನೀರಿಗೆ ಕಣ್ಣು ಹಚ್ಚಿ, ಪಾಚಿ ತಿಕ್ಕಿ, ಅಂಗುಲ ಅಂಗುಲ ನೋಡಿ ಬರೆದವರನ್ನು ನಾವು ಕಳ್ಳ ಎಂದೆವು.

ಇದು ಬರೀ ಕಾಲುವೆಯ ಕತೆ ಅನ್ನಿಸುತ್ತಿದೆಯೇ? ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿದ ಹೆಣ್ಣುಮಗಳಿಗೆ 'ನೀನು ನೀನಲ್ಲ' ಎಂದು ಯಂತ್ರ ಹೇಳುವುದನ್ನು ನೋಡಿಲ್ಲವೇ? ಬಟ್ಟೆ ಒಗೆದು, ಕಳೆ ಕಿತ್ತು ರೇಖೆ ಸವೆದಿರುತ್ತದೆ. ದುಡಿದ ಬೆರಳಿಗೇ ಶಿಕ್ಷೆ. ಅಂಗಡಿಯವರು ಪಾಪ, 'ಮಿಷನ್ನು ತಗೋವಲ್ದು' ಎಂದು ಕೈ ಚೆಲ್ಲುತ್ತಾರೆ. ಯಂತ್ರದ ಹಿಂದೆ ನನ್ನಂಥ ಒಬ್ಬಳು ಕೂತು, ಊರು ನೋಡದೆ, ಬಿಸಿಲಿಗೆ ಹೆದರಿ ಏನೋ ಒಂದು ಅಂದುಕೊಂಡಿರುತ್ತಾಳೆ ಎಂದು ಯಾರಿಗೆ ಹೊಳೆಯಬೇಕು?

ಸರಿ, ಅತ್ತೂ ಆಯಿತು, ಬೈದುಕೊಂಡೂ ಆಯಿತು. ಕೆಲಸ ಬಾಕಿ ಇತ್ತು. ಅಂದು ಮಧ್ಯಾಹ್ನವೇ ಕೂತು ಅಳತೆಯ ಡಬ್ಬಿಯನ್ನು ಎರಡು ಮಾಡಿದೆ. ಒಂದು ಅಡಿಗೆ, ಒಂದು ಅಂಗುಲಕ್ಕೆ. ಅಂಗುಲದ ಡಬ್ಬಿಯಲ್ಲಿ ಹನ್ನೆರಡು ಬಂದರೆ ಲೈಬ್ರರಿ ಬಾಗಿಲು ಹಾಕುತ್ತದೆ, ಮತ್ತೊಮ್ಮೆ ನೋಡಿ ಕಳಿಸಿ ಎನ್ನುತ್ತದೆ. ಮೆಸೇಜಿನ ತಲೆಗೆ ಒಂದು ಗುರುತು ಹಾಕಿದೆ, ಇದು ಹಳೆಯ ಕಟ್ಟೋ ಹೊಸದೋ ತಿಳಿಯಲಿ ಎಂದು. ಗೊತ್ತಾಗದ ಕಟ್ಟು ಬಂದರೆ ಊಹಿಸಬೇಡ, ಗೊತ್ತಿಲ್ಲ ಅನ್ನು ಎಂದು ಡಿಕೋಡಿಗೆ ಬುದ್ಧಿ ಹೇಳಿದೆ. (ಸೋಮವಾರ ಈ ಬುದ್ಧಿಯನ್ನು ನನಗೆ ಯಾರಾದರೂ ಹೇಳಬೇಕಿತ್ತು.)

ಹೊಸದೇನೋ ಸರಿಯಾಯಿತು. ಹಳೆಯದು? ಹನ್ನೆರಡು ದಿನದ ಮೆಸೇಜುಗಳಲ್ಲಿ 3.1 ಎಂದು ಇರುವುದು ಒಂದು ಅಂಗುಲವೋ, ಹತ್ತೋ, ಹನ್ನೊಂದೋ? ಕಂಪ್ಯೂಟರಿಗೆ ಗೊತ್ತಿಲ್ಲ. ಬಿಸಾಕಿದ ಅಂಕಿಯನ್ನು ಯಾವ ಜಾಣ ಪ್ರೋಗ್ರಾಮೂ ಹುಡುಕಿ ತರಲಾರದು. ಅದು ಇದ್ದದ್ದು ಒಂದೇ ಕಡೆ, ಹುಲಿಗೆಪ್ಪ ಕಾಕಾ ಅವರ ನೋಟ್‌ಬುಕ್ಕಿನಲ್ಲಿ. ಫೋನು ಬಂದ ಮೇಲೆ ನೋಟ್‌ಬುಕ್ ಬೇಕಿಲ್ಲ ಎಂದು ಸಂಘದವರು ಹೇಳಿದ್ದರಂತೆ. ಕಾಕಾ ಬಿಟ್ಟಿರಲಿಲ್ಲ.

ಗುರುವಾರ ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ ನಾವಿಬ್ಬರೂ ಗೇಜಿನ ಕಟ್ಟೆಯ ಮೇಲೆ ಕೂತೆವು. ಅವರು ಓದಿದರು, ನಾನು ತುಂಬಿದೆ. ಅರ್ಧ ಗಂಟೆಗೊಮ್ಮೆ ಅವರು ಎದ್ದು ಮೆಟ್ಟಿಲು ಇಳಿದು ಅಂದಿನ ಅಳತೆ ನೋಡಿ ಬರುತ್ತಿದ್ದರು. ನನ್ನ ಕೆಲಸಕ್ಕಾಗಿ ಒಂದು ಅಳತೆಯನ್ನೂ ತಪ್ಪಿಸಲಿಲ್ಲ.

ಅಷ್ಟರಲ್ಲಿ ಗೌಡರು ಮೋಟಾರ್ ಸೈಕಲಿನಲ್ಲಿ ಬಂದರು. ನಾನು ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಪೂರ್ತಿ ಕೇಳಿದರು. ಕೇಳಿ ಒಂದು ಉಪಾಯ ಹೇಳಿದರು.

"ಭಾಳ ಚಲೋ ಆತು ಬಿಡ್ರಿ. ನಾಳೆ ಸಭಾದಾಗ ನೆಟ್‌ವರ್ಕ್ ಪ್ರಾಬ್ಲಂ ಆಗಿತ್ತು ಅಂತ ಒಂದು ಮಾತು ಹೇಳಿಬಿಡೂಣು. ನಿಮ್ಮ ಮರ್ಯಾದಿನೂ ಉಳೀತೈತಿ, ಸಂಘದ್ದೂ ಉಳೀತೈತಿ. ಹುಲಿಗೆಪ್ಪನ್ನ ಯಾರು ತೆಗೀತಾರ ಇನ್ನ?"

ನೆಟ್‌ವರ್ಕ್ ಪ್ರಾಬ್ಲಂ! ನಮ್ಮ ಕಾಲದ ದೊಡ್ಡ ಕಂಬಳಿ ಇದು, ಯಾರು ಬೇಕಾದರೂ ಹೊದ್ದುಕೊಳ್ಳಬಹುದು. ಬ್ಯಾಂಕಿನವರು ಹೊದೆಯುತ್ತಾರೆ, ಆಫೀಸಿನವರು ಹೊದೆಯುತ್ತಾರೆ, ಹೆಂಡತಿಯ ಫೋನ್ ಎತ್ತದ ಗಂಡಸರೂ ಹೊದೆಯುತ್ತಾರೆ. ಒಂದು ಕ್ಷಣ ನನಗೂ ಬೆಚ್ಚಗೆ ಕಂಡಿತು, ಸುಳ್ಳು ಯಾಕೆ ಹೇಳಲಿ?

ಕಾಕಾ ನಮ್ಮಿಬ್ಬರ ಮಾತಿನಲ್ಲಿ ತಲೆ ಹಾಕಲಿಲ್ಲ. ನೋಟ್‌ಬುಕ್ಕಿನ ಪುಟದ ಮೇಲೆ ಬೆರಳಿಟ್ಟು, ಓದುವುದು ಎಲ್ಲಿಗೆ ನಿಂತಿತ್ತೋ ಅಲ್ಲೇ ಹಿಡಿದುಕೊಂಡು ಕೂತಿದ್ದರು.

"ಬ್ಯಾಡ್ರಿ ಗೌಡ್ರೇ," ಎಂದೆ. "ಕಳ್ಳ ಅಂದಿದ್ದು ಎಲ್ಲರ ಮುಂದ. ಅಲ್ಲ ಅನ್ನೋದೂ ಎಲ್ಲರ ಮುಂದಾ ಆಗಬೇಕು. ಯಾರು ತಪ್ಪು ಮಾಡಿದ್ರು ಅಂತಾನೂ ಹೇಳಬೇಕು."

ಶುಕ್ರವಾರ ಅದೇ ಕೋಣೆ, ಅದೇ ಪಂಚೆ, ಅದೇ ಜನ. ಕಾಕಾ ಅದೇ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಅವರನ್ನು ಮುಂದೆ ಕರೆದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ಬೇಡ ಬೇಡ ಎನ್ನುತ್ತಲೇ ತುದಿಯಲ್ಲಿ ಕೂತರು. ಮೊದಲು ಹಳೆಯ ಗ್ರಾಫ್ ತೋರಿಸಿದೆ, ಗುಂಡಿಗಳ ಸಮೇತ. ಅದರ ಮೇಲೆ ನೋಟ್‌ಬುಕ್ಕಿನ ಗ್ರಾಫ್ ಬಿಟ್ಟೆ. ಗುಂಡಿಗಳು ಒಂದೊಂದಾಗಿ ಮುಚ್ಚಿಕೊಂಡವು.

ಬಾಯಿಪಾಠ ಮಾಡಿಕೊಂಡು ಹೋಗಿದ್ದನ್ನು ಹೇಳಿದೆ. "ಸೋಮವಾರ ಇಲ್ಲಿ ಒಂದು ಕಳ್ಳತನದ ಮಾತಾತು. ದಿನಾ ಬೆಳಿಗ್ಗೆ ಒಂಬತ್ತು ಅಂಗುಲ ನೀರು ಹೋಗಿದ್ದು ಖರೇ. ಕದ್ದಿದ್ದು ಹುಲಿಗೆಪ್ಪ ಕಾಕಾ ಅಲ್ಲ, ನಾನು. ಇವರು ಬರದ ಸೊನ್ನಿ ನನ್ನ ಪ್ರೋಗ್ರಾಂ ತಿಂದೈತಿ. ಇವರ ಅಳತಿ ಒಂದೂ ತಪ್ಪಿಲ್ಲ. ಕಾಕಾ, ನಿಮಗ ಕೈ ಮುಗೀತೀನಿ, ನನ್ನ ತಪ್ಪಾತು."

ಈ ಸಲ ಚಪ್ಪಾಳೆ ಇಲ್ಲ. ಸೋಮವಾರ ಜೋರಾಗಿ ತಟ್ಟಿದ ಕೈಗಳೆಲ್ಲ ಈಗ ತೊಡೆಯ ಕೆಳಗೆ ಅಡಗಿದ್ದವು. ಗೌಡರು ಠರಾವಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಮೊದಲು ಮಾತಾಡಿದವರು ಈ ಸಲವೂ ಈರಮ್ಮನೇ.

"ಹುಲಿಗೆಪ್ಪಣ್ಣ, ನನ್ನ ನಾಲಿಗಿ ಜಾರಿತ್ತು, ಹೊಟ್ಟ್ಯಾಗ ಹಾಕ್ಕೋ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಅದು ಸರಿ ಮೇಡಂ. ಕಳ್ಳ ಇಲ್ಲ ಅಂದ್ರಿ, ಒಪ್ಪಿದ್ವಿ. ಹಂಗಾದ್ರ ನಮ್ಮ ಗದ್ದಿಗೆ ನೀರು ಯಾಕ ಬರವಲ್ದು?"

ಇದಕ್ಕಿಂತ ಒಳ್ಳೆಯ ಪ್ರಶ್ನೆ ಯಾರು ಕೇಳಿಯಾರು? ಇಲ್ಲದ ಕಳ್ಳನನ್ನು ಹಿಡಿದ ಖುಷಿಯಲ್ಲಿ ಇರುವ ತೊಂದರೆಯನ್ನು ಎಲ್ಲರೂ ಮರೆತಿದ್ದೆವು. ಕಾಕಾ ಕೂತಲ್ಲಿಂದಲೇ ಹೇಳಿದರು, ಗೇಜಿನ ಹತ್ತಿರ ನಾಲ್ಕು ಅಡಿ ಇದ್ದು ಕೊನೆಗೆ ಮುಟ್ಟುತ್ತಿಲ್ಲ ಅಂದರೆ ನಡುವೆ ಎಲ್ಲೋ ಅಡ್ಡ ಇರಬೇಕು. ಮರುದಿನ ಕಾಲುವೆಯ ಗುಂಟ ನಡೆದು ನೋಡಿದರು. ತಿರುವಿನ ಸೇತುವೆಯ ಕೆಳಗೆ ಆಳೆತ್ತರ ಜೊಂಡು ಬೆಳೆದು ಹೂಳು ಕಟ್ಟಿತ್ತು. ಊರವರು ಸೇರಿ ಎರಡು ದಿನ ಕಿತ್ತರು. ಈರಮ್ಮನ ಗದ್ದೆಗೆ ನೀರು ಮುಟ್ಟಿದ್ದು ಮೂರನೆಯ ದಿನ. ಒಂದು ಮೂಲೆಯ ಪೈರು ಮಾತ್ರ ಉಳಿಯಲಿಲ್ಲ. ನಾವು ಕಳ್ಳನನ್ನು ಹುಡುಕುತ್ತ ಕಳೆದ ದಿನಗಳು ಅಲ್ಲಿ ಒಣಗಿ ನಿಂತಿವೆ. ಹೋದಾಗಲೆಲ್ಲ ನೋಡಿ ಬರುತ್ತೇನೆ.

ನನ್ನ ಲೈಬ್ರರಿಗೆ ಈಗ ಒಂದು ಟೆಸ್ಟ್ ಹೆಚ್ಚಾಗಿದೆ. ಅದರ ಹೆಸರು ಹುಲಿಗೆಪ್ಪ. ಮೂರು ಅಡಿ ಹತ್ತು ಅಂಗುಲ ಎಂದು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಮೂರು ಅಡಿ ಹತ್ತು ಅಂಗುಲ ಎಂದೇ ಓದಬೇಕು. ಇಷ್ಟೇ. ಇನ್ನೂರು ಟೆಸ್ಟ್ ಬರೆದವಳಿಗೆ ಇದೊಂದು ಹೊಳೆದಿರಲಿಲ್ಲ. ಸಂಖ್ಯೆ ಸುರಕ್ಷಿತವಾಗಿ ತಲುಪಿತೇ ಎಂದು ನೋಡಿದ್ದೆ. ಕಳಿಸಿದವರ ಮಾತು ತಲುಪಿತೇ ಎಂದು ನೋಡಿರಲಿಲ್ಲ.

ಆ ಟೆಸ್ಟ್ ದಿನಾ ತಾನಾಗಿಯೇ ಓಡುತ್ತದೆ, ಒಂದು ಸಲವೂ ಬಿದ್ದಿಲ್ಲ. ಕಾಕಾಗೆ ಹೇಳಿದೆ, ಇನ್ನು ಚಿಂತೆಯಿಲ್ಲ ಎಂದು. ಅವರು ತಲೆಯಾಡಿಸಿದರು. ಆದರೂ ಪ್ರತಿದಿನ ಬೆಳಿಗ್ಗೆ, ನಾನು ಚಹಾಕ್ಕೆ ಇಟ್ಟ ಹೊತ್ತಿಗೆ ಸರಿಯಾಗಿ, ಎಮ್ಮಿಗನೂರಿನಿಂದ ನನಗೆ ಫೋನು ಬರುತ್ತದೆ. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ.

"ಮೂರು ಅಡಿ ಹತ್ತು ಅಂಗುಲ ಕಳ್ಸೀನ್ರಿ ಮೇಡಂ. ನಿಮಗ ಎಷ್ಟು ಮುಟ್ತು?"